ಮುನಿರತ್ನ, ಮೂರು

ಡೆಂಕಣಿಕೋಟೆ ಶಾಲೆಯ ಹಾಜರಿ ಪುಸ್ತಕದಲ್ಲಿ
ನಾನು ಮುನಿರತ್ನ, ಮೂರು.
ಒಂದು, ಹೂ ಕಟ್ಟುವವರ ಮಗಳು.
ಎರಡು, ಕೆರೆಯಾಚೆಯವಳು, ಮೂಗಲ್ಲಿ ಸದಾ ಶೀತ.
ಮುನೇಶ್ವರನಿಗೆ ಹರಕೆ ಹೊತ್ತು ಹೆತ್ತ ಮಕ್ಕಳು,
ಗಂಡಾದರೆ ಕೃಷ್ಣ, ಹೆಣ್ಣಾದರೆ ರತ್ನ,
ಮುಂದೊಂದು ಮುನಿ ಇರಲೇಬೇಕು,
ಬಾಗಿಲ ಮುಂದೆ ಚಪ್ಪಲಿ ಇದ್ದ ಹಾಗೆ.

ಸುಖವೂ ಇತ್ತು ಅನ್ನಿ.
ಮೇಷ್ಟ್ರು 'ಮುನಿರತ್ನಾ' ಎಂದು ಗುಡುಗಿದರೆ
ಮೂವರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ
ಅವರ ಸಿಟ್ಟು ಅರ್ಧ ಇಳಿದಿರುತ್ತಿತ್ತು.
ಆದರೆ ಏಳನೇ ಕ್ಲಾಸಲ್ಲಿ ನನ್ನ ಕೈಬರಹಕ್ಕೆ ಬಂದ ಬಹುಮಾನ,
ಸ್ಟೀಲಿನ ಡಬ್ಬಿ,
ಎರಡು ಎದ್ದು ಹೋಗಿ ಇಸಿದುಕೊಂಡಳು.
ಮುಚ್ಚಳದ ಮೇಲೆ ಕೊರೆದ ಹೆಸರು ಅವಳದ್ದೂ ಹೌದಲ್ಲ,
ಯಾವ ಬಾಯಲ್ಲಿ ಕೇಳಲಿ?

ಇಡೀ ಊರಿಗೆ ಒಬ್ಬಳೇ ಕನಕಾಂಗಿ.
ಅವಳು ಹುಣಿಸೆಕಾಯಿ ಕದ್ದ ಸುದ್ದಿ
ಸಂಜೆಯೊಳಗೆ ಕೆಲಮಂಗಲ ಮುಟ್ಟಿತು.
ಹಿಂದೆ ಅಡಗೋಣವೆಂದರೆ
ಇನ್ನೊಬ್ಬ ಕನಕಾಂಗಿ ಇರಲಿಲ್ಲ.

ಈಗ ತಮ್ಮ ಮುನಿಕೃಷ್ಣನಿಗೆ ಹೆಣ್ಣು ಮಗು.
ಹೆಸರಿಡುವ ಹಕ್ಕು ಸೋದರತ್ತೆಯದಂತೆ;
ಹಕ್ಕಿಗೆ ಮುಂಚೆ ಎರಡು ತಿಂಗಳ ಜಗಳ.
ತಳಿಯ ಗುಲಾಬಿ ಶೆಡ್ಡಿನಲ್ಲಿ ಅವನಿಗೆ ಕೆಲಸ.
'ಸಾಲಿನ ತುದಿಗೊಂದು ಬೋರ್ಡು ಕಣಕ್ಕ,
ಹತ್ತು ಸಾವಿರ ಹೂವಿಗೆ ಒಂದೇ ಹೆಸರು.
ನನ್ನ ಮಗಳಿಗೆ ಆ ಬೋರ್ಡು ಬೇಡ.'
ಎಲ್ಲಿಂದಲೋ ಹುಡುಕಿ ತಂದ: ಗಾಥಾ.

ಶೈಲಾವತಿ ಮಗುವಿನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ
'ಏನಂದ್ರಿ ಅಂತ ಯಾರೂ ಎರಡನೇ ಸಲ ಕೇಳಬಾರದು,
ತನ್ವಿಕಾ ಸಾಕು' ಅಂದಳು.
ನನ್ನ ಬಾಲವಾಡಿಯಲ್ಲಿ ಆಗಲೇ ಇಬ್ಬರು ತನ್ವಿಕಾ,
ಒಬ್ಬಳು ಧನ್ವಿಕಾ;
ತಮಿಳಲ್ಲಿ ಬರೆದರೆ ಮೂವರೂ ಒಂದೇ.
ಪಕ್ಕದಲ್ಲಿ ಒಂದು, ಎರಡು, ಮೂರು ಎಂದು
ಬರೆದವಳು, ಬೇರೆ ಯಾರಲ್ಲ, ನಾನೇ.

ತಮ್ಮ ಅರ್ಜಿ ಹಿಡಿದು ಹೋದ.
ಗುಮಾಸ್ತ ತಮಿಳಲ್ಲಿ ಬರೆದು, ಬರೆದದ್ದನ್ನು ಓದಿ, ತಲೆಯೆತ್ತಿದ:
'ಕಾದಾ?'
ಅವರ ಮಾತಲ್ಲಿ ಅದು, ಕಿವಿಯಾ?
ತನ್ನ ಕಿವಿ ಹಿಡಿದು ತೋರಿಸಿ ನಕ್ಕ. ಕ್ಯೂ ನಕ್ಕಿತು.
ತಮ್ಮ ಅರ್ಜಿ ಮಡಚಿಕೊಂಡು ಬಂದುಬಿಟ್ಟ.
ಹೆಸರಿನ ಜಾಗದಲ್ಲಿ ಗೆರೆಯೊಂದನ್ನೇ ಎಳೆದ ಸರ್ಟಿಫಿಕೇಟು
ಕ್ಯಾಲೆಂಡರಿನ ಹಿಂದೆ ಕೂತಿತು.

'ಒಂದು ಅಕ್ಷರದಲ್ಲಿ ನಾಲ್ಕನ್ನು ತುಂಬುತ್ತಾರೆ' ಎಂದು
ಅವನು ಬೈದದ್ದೇ ಬೈದದ್ದು.
ಒಳಗಿಂದ ನಮ್ಮಮ್ಮ, 'ಗಾತ ಎದ್ದಳೇನೋ ನೋಡು' ಅಂದಳು.
ಅಮ್ಮನ ಬಾಯಲ್ಲೂ ಥ ಇಲ್ಲ.
ನನ್ನ ಬಾಯಲ್ಲಿರುವುದು ಕೂಡ
ಟೀಚರ್ ಟ್ರೇನಿಂಗಿನಿಂದೀಚೆಗೆ.

ಹೆಸರಿಡುವ ದಿನ ತೊಟ್ಟಿಲಿಗೆ ಬಗ್ಗಿ
ವೀಳ್ಯದೆಲೆ ಮರೆಮಾಡಿ ಮೂರು ಸಲ ಹೇಳಿದೆ.
ಮೊದಲ ಸಲ ಥ ಕಾರಕ್ಕೆ ಉಸಿರು ಜಾಸ್ತಿಯಾಗಿ
ಮಗು ಬೆಚ್ಚಿತು.
ಮೂರನೆಯದು ನನಗೇ ಕೇಳಿಸಲಿಲ್ಲ.
ಶೈಲಾವತಿ ಎರಡು ದಿನ ಮಾತು ಬಿಟ್ಟಳು,
ಮೂರನೇ ದಿನ 'ಗಾತೂ' ಎಂದು ಕರೆದು
ಅದು ತನ್ನದೇ ಯೋಚನೆ ಎಂಬಂತೆ ಹಾಲು ಕುಡಿಸಿದಳು.

ಸೋಮವಾರ ಕಚೇರಿಗೆ ನಾನೇ ಹೋದೆ.
ಅದೇ ಗುಮಾಸ್ತ, ಅದೇ ಪೆನ್ನು. 'ಕಾದಾ?'
'ಆಮಾ ಸಾರ್, ಕಿವಿಯೇ,
ದೀರ್ಘ ಮಾತ್ರ ಬಿಡಬೇಡಿ.'

ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ.
ಹೊಸೂರು, ಹೊಸೂರು ಎಂದು ಕಂಡಕ್ಟರು ಕೂಗುವ ನಡುವೆ
ಸೇವಂತಿಗೆ ಬುಟ್ಟಿಯ ಹಿಂದಿನಿಂದ ಒಂದು ಒಡಕು ದನಿ:
'ಏ ಮೂರೂ!'
ಮುನಿರತ್ನ, ಒಂದು. ಮುಂದಲೆ ನರೆತಿದೆ.
ಅಷ್ಟು ಜನರಲ್ಲಿ
ತಿರುಗಿದವಳು ನಾನೊಬ್ಬಳೇ.