ಹದಿನೇಳನೇ ಪ್ರಶ್ನೆ, ನಾಲ್ಕು ಅಂಕ

ಬೆಟಗೇರಿಯ ಮಗ್ಗಗಳು ಮಲಗಿದ ಮೇಲೆ
ನಲವತ್ತೆರಡು ಉತ್ತರ ಪತ್ರಿಕೆ, ಒಂದು ಕೆಂಪು ಪೆನ್ನು,
ಕೆನೆಗಟ್ಟಿದ ಚಹಾ.

ಪ್ರಶ್ನೆ ನಾನೇ ತೆಗೆದದ್ದು:
'ಪೂಜಾರಿ ಗುಡಿಯ ಗಂಟೆಯ ನಾಲಗೆ ಬಿಚ್ಚಿಡುತ್ತಾನೆ.
ಇದು ಏನನ್ನು ಸಂಕೇತಿಸುತ್ತದೆ? ವಿವರಿಸಿ.'
ಉತ್ತರವೂ ನನ್ನದೇ,
ಜುಲೈ ತಿಂಗಳ ಒಂದು ಜೂಗರಿಕೆಯ ಮಧ್ಯಾಹ್ನ ಬೋರ್ಡಿನ ಮೇಲೆ ಬರೆದದ್ದು:
ಗಂಟೆ ಎಂದರೆ ಆತ್ಮ. ನಾಲಗೆ ಎಂದರೆ ಶ್ರದ್ಧೆ.
ಶ್ರದ್ಧೆ ಕಳಚಿದ ಆತ್ಮ ಮೂಕ.
ಅಡಿಗೆರೆ ಹಾಕಿಕೊಳ್ಳಿ ಅಂದಿದ್ದೆ.
ಸ್ಕೇಲು ಹಿಡಿದು ಹಾಕಿಕೊಂಡಿದ್ದರು.

ಮೊದಲ ಪತ್ರಿಕೆ: ಆತ್ಮ, ಶೃದ್ಧೆ, ಮೂಕ.
ಎರಡನೆಯದು: ಆತ್ಮ, ಶೃದ್ಧೆ, ಮೂಕ.
ಹನ್ನೊಂದನೆಯವಳು 'ಮೂಕ' ಮರೆತು ಜಾಗ ಬಿಟ್ಟಿದ್ದಾಳೆ.
ಎಲ್ಲರದೂ ಒಂದೇ ತಪ್ಪು, ಒಂದೇ ಅಕ್ಷರದಲ್ಲಿ.
ಅರ್ಧ ಅಂಕ ಕಳೆಯಲು ಹೊರಟ ಪೆನ್ನು ನಿಂತಿತು.
ಬೋರ್ಡಿನ ಮೇಲೆ ಹಾಗೆ ಬರೆದವಳು
ನಾನೇ ಇರಬೇಕು.

ಮೂವತ್ತಾರನೆಯದು ಮೌನೇಶ ಕಂಚಗಾರನದು.
(ಹೆಸರನ್ನೂ ಸಂಕೇತ ಮಾಡಬೇಡಿ.
ಅವರ ಮನೆಯಲ್ಲಿ ಮೂರು ಜನ ಮೌನೇಶರಿದ್ದಾರೆ,
ಮೂವರೂ ಗಟ್ಟಿ ಮಾತಿನವರು.)
ಹಿಂದಿನ ಬೆಂಚು. ಮುಂಗೈ ಮೇಲೆ
ಕಾದ ಕಂಚು ಸಿಡಿದ, ಜೋಳದ ಕಾಳಿನಷ್ಟು ಕಲೆ.

'ನಮ್ಮ ಅಜ್ಜ ಗಂಟಿ ಎರಕ ಹೊಯ್ತಾನ್ರೀ.
ಗಂಟಿ ಕಂಚಿಂದು, ನಾಲಗಿ ಕಬ್ಬಿಣದ್ದು, ಎರಡೂ ಬ್ಯಾರೆ ಬ್ಯಾರೆ.
ಗಂಟಿ ಸೀಳು ಬಿಟ್ರ ಮೊದಲು ನಾಲಗಿ ಬಿಚ್ಚತಾರ.
ಬಿಚ್ಚಲಿಲ್ಲಂದ್ರ ಬಡದಂಗೆಲ್ಲಾ ಸೀಳು ಮ್ಯಾಲೆ ಏರತೈತಿ,
ಆಮ್ಯಾಲೆ ಕರಗಿಸಬೇಕು, ಬ್ಯಾರೆ ದಾರಿಲ್ಲ.
ಪೂಜಾರಿಗೆ ದೇವರು ಬ್ಯಾಡ ಆಗಿರಲಿಲ್ಲ.
ಗಂಟಿ ಉಳೀಲಿ ಅಂತ ಬಿಚ್ಯಾನ.
೧೪೦ನೇ ಪುಟದಾಗ ಒಡಕು ದನಿ ಅಂತ ಬರದೈತಿ, ನೋಡ್ರಿ.
ಎರಕ ಹೊಯ್ಯೂ ಹೊತ್ತಿನ್ಯಾಗ ನಮ್ಮ ಮನ್ಯಾಗ
ಯಾರೂ ತುಟಿ ಬಿಚ್ಚಂಗಿಲ್ಲ.
ಶ್ರದ್ಧೆ ಅಂದ್ರ ನನಗ ಗೊತ್ತಿರೂದು ಅಷ್ಟ.'

ಇಡೀ ಕಟ್ಟಿನಲ್ಲಿ ಆ ಅಕ್ಷರ
ಸರಿಯಾಗಿ ಬಂದದ್ದು ಇಲ್ಲೊಂದೇ.

ಎದ್ದು ಕಪಾಟು ತೆಗೆದೆ.
ಏಳು ವರ್ಷ ಪಾಠ ಹೇಳಿ ಬೆನ್ನು ಕಿತ್ತ ಪುಸ್ತಕ.
ನೂರಾ ನಲವತ್ತು:
'ಸಂಜೆ ಗಂಟೆ ಒಡಕು ದನಿಯಲ್ಲಿ ಗೊಣಗಿತು.
ಪೂಜಾರಿ ಅದರ ಮೈ ಮೇಲೆ ಕೈಯಾಡಿಸಿದ.'
ಪಕ್ಕದಲ್ಲಿ ಪೆನ್ಸಿಲಿನಿಂದ, ನನ್ನದೇ ಕೈಬರಹ:
ಪರೀಕ್ಷೆಗೆ ಬರುವುದಿಲ್ಲ, ಬಿಡಿ.

ಕೈಯಾಡಿಸಿದ. ಏಳು ವರ್ಷ ಓದಿದೆ,
ಆ ಕೈ ಏನು ಹುಡುಕುತ್ತಿತ್ತೆಂದು ಕೇಳಲಿಲ್ಲ.
ಜ್ವರ ಬಂದ ಮಗುವನ್ನು ಮುಟ್ಟುವ ಹಾಗೆ
ಮುಟ್ಟಿರಬಹುದು ಅವನು ಗಂಟೆಯನ್ನು.
ಗುಡಿಯೊಳಗೆ ಕಾಲಿಟ್ಟ ಕೂಡಲೆ ನಾನು
ಆತ್ಮ, ಪರಮಾತ್ಮ ಎಂದು ಗೋಡೆ ಏರುತ್ತಿದ್ದೆ.
ಕೆಳಗೆ ಒಬ್ಬ ಮನುಷ್ಯ
ಬೆರಳ ತುದಿಯಲ್ಲಿ ಸೀಳು ಹುಡುಕುತ್ತ ನಿಂತಿದ್ದ.

ನಾಲ್ಕು ಹಾಕಿದೆ. ಆಮೇಲೆ ಹೆದರಿಕೆಯಾಯಿತು.
ಏಪ್ರಿಲ್‌ನಲ್ಲಿ ಇವನ ಪತ್ರಿಕೆ
ಯಾವ ಊರಿನ ಯಾವ ಟೇಬಲ್ಲಿಗೋ ಹೋಗುತ್ತದೆ.
ಅಲ್ಲೊಬ್ಬರು ಮಾದರಿ ಉತ್ತರದ ಹಾಳೆ ಬಿಚ್ಚಿ
ಆತ್ಮ ಎಲ್ಲಿ, ಎಂದು ಬೆರಳಿಟ್ಟು ಹುಡುಕುತ್ತಾರೆ.

ಮರುದಿನ ಕರೆದು ಹೇಳಿದೆ:
ದೊಡ್ಡ ಪರೀಕ್ಷೆಯಲ್ಲಿ ಆತ್ಮ ಅಂತ ಬರಿಯಪ್ಪ.
'ಬರೀತೀನ್ರೀ ಮೇಡಂ.'
ಸ್ವಲ್ಪ ಹೊತ್ತು ನಿಂತ.
'ಅದರ ಕೆಳಗ ಇದನ್ನೂ ಬರೀಲ್ರೀ? ಜಾಗ ಉಳದ್ರ?'

ಅಷ್ಟರಲ್ಲಿ ಹುಸೇನಸಾಬ
ಬೇವಿನ ಟೊಂಗೆಗೆ ತೂಗುಬಿಟ್ಟ ರೈಲು ಹಳಿಯ ತುಂಡಿಗೆ
ಕಬ್ಬಿಣದ ಸಲಾಕೆಯಿಂದ ಎರಡು ಸಲ ಬಡಿದ.
ನಮ್ಮ ಶಾಲೆಯ ಗಂಟೆಗೆ ನಾಲಗೆ ಇಲ್ಲ,
ಅದು ಹುಸೇನಸಾಬನ ಕೈಯಲ್ಲಿದೆ,
ದಿನದ ಕೊನೆಗೆ ಅವನದನ್ನು ಆಫೀಸಿನ ಬಾಗಿಲ ಹಿಂದೆ ಇಡುತ್ತಾನೆ.
ಇದು ಏನನ್ನು ಸಂಕೇತಿಸುತ್ತದೆ
ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಎರಡನೇ ಪಿರಿಯಡ್ಡು.
ಎಂಟನೇ ಬ ವರ್ಗ, ವ್ಯಾಕರಣ.