ಝಡ್ ಇದ್ದ ಜಾಗ

ಚಾಕಣದ ಶೆಡ್ಡಿನಲ್ಲಿ ರಾತ್ರಿ ಪಾಳಿ.
ಹೊಸ ರೋಬೋಟು ಟಾರ್ಚನ್ನು ಗೋಡೆಗೆ ತಿರುವಿ ನಿಂತಿದೆ,
ಮುನಿದ ಬೀಗರ ಹಾಗೆ.

“ಹಳೇದಕ್ಕ ತಂತಿ ಹೊರಡೂ ದಿಕ್ಕು ಝಡ್,
ಇದಕ್ಕ ಎಕ್ಸ್. ಕಂಪನಿ ಬ್ಯಾರೆ, ಶಾಸ್ತ್ರ ಬ್ಯಾರೆ.”
ಮಾಳಪ್ಪ ಬಲಗೈ ಎತ್ತಿದ.

ಹೆಬ್ಬೆರಳು ಎಕ್ಸ್. ತೋರುಬೆರಳು ವೈ.
ಝಡ್ ಇರಬೇಕಾದಲ್ಲಿ
ಭೋಸರಿಯ ಪ್ರೆಸ್ಸು ಬಿಟ್ಟುಕೊಟ್ಟ ಒಂದು ಗೆಣ್ಣು.

ಜತ್ತದ ಹುಡುಗಿ ಸುಗಲಾ ನೆಲ ನೋಡಿದಳು.
ಅವನು ಸುಟ್ಟುಳಿದ ರಾಡಿನ ತುಂಡು ಆಯ್ದು
ಆ ಸಂದಿಗೆ ಸಿಕ್ಕಿಸಿದ:
“ನೋಡವ್ವಾ, ವೈ ಅಲ್ಲೇ ಇರಲಿ.
ಅದರ ಸುತ್ತ ಮೈನಸ್ ತೊಂಬತ್ತು.”
ಕೈ ಹೊರಳಿತು. ರಾಡು ತೋರಿದ್ದ ಕಡೆಗೆ
ಈಗ ಹೆಬ್ಬೆರಳು.

ಅವಳು ಅಂಕಿ ಬರೆದು ಗುಂಡಿ ಒತ್ತಿದಳು.
ಬೀಗರು ಇತ್ತ ತಿರುಗಿದರು.

ಪಾಳಿ ಮುಗಿದು ಚಹಾ ಬಂದಾಗಲೂ
ಲೋಟ ಹಿಡಿದ ಕೈಯಲ್ಲಿ
ಆ ತುಂಡು ಹಾಗೇ ಇತ್ತು,
ಬಾಗಿಲ ಕಡೆ ತೋರುತ್ತ.