ಚಿಲ್ಲರ

ನಮ್ಮವ್ವ ನೀಲಗಂಗವ್ವ ನನ್ನ ಮನ್ಯಾಗ ಕುಡಿಯೋ ಚಾಕ್ಕ
ದಿನಾ ಎರಡು ರೂಪಾಯಿ ಕೊಡ್ತಾಳ.
ನನ್ನ ಕೈಯಾಗ ಅಲ್ಲ. ಒಲಿ ಮ್ಯಾಲಿನ ಮಾಡದಾಗಿನ
ಹಳೇ ಡಬ್ಬ್ಯಾಗ ಹಾಕ್ತಾಳ,
ಸಪ್ಪಳ ಆಗೂಹಂಗ.
ಹೆಣ್ಣು ಕೊಟ್ಟ ಮನ್ಯಾಗ ಬಿಟ್ಟಿ ನೀರೂ ಕುಡಿಯಬಾರದು
ಅಂದಿದ್ದಳಂತ ಅವರವ್ವ.
ಅವರವ್ವಗ ಯಾರು ಅಂದಿದ್ದರೋ.

ಅಪ್ಪ ಹೋದ ಎರಡನೇ ವರ್ಷ ಬಂದಳು ಜಮಖಂಡಿಯಿಂದ,
ಒಂದು ಟ್ರಂಕು, ಒಂದು ಊರುಗೋಲು.
ಕೋಲು ಅಪ್ಪನದು. ಆಕಿ ಊರೂದಿಲ್ಲ,
ಬಾಗಿಲ ಹಿಂದ ನಿಂದ್ರಿಸಿರತಾಳ.
ತಮ್ಮ ಕೆಟ್ಟಾಂವ ಅಲ್ಲ.
ಅವನ ಮನ್ಯಾಗ ಹಾಸಿಗಿ ಹಿಡದ ಮಾವ ಅದಾನ,
ಎರಡು ಖೋಲಿ, ಏಳು ಮಂದಿ.
ತಿಂಗಳಿಗೊಂದು ಚೀಲ ಜ್ವಾಳ ಬಸ್ಸಿಗೆ ಹಾಕಿ ಕಳಸ್ತಾನ.
ಹಿಟ್ಟು ನಾದಿಕೋತ ಅವ್ವ ಅಂತಾಳ:
ಇದು ನನ್ನ ಮಗನ ಜ್ವಾಳ. ರೊಟ್ಟಿಗೆ ರೊಕ್ಕ ಇಲ್ಲ.

ಅತ್ತಿ ಗುರಸಿದ್ದವ್ವ ಎಂಟು ದಿನ ಸುಮ್ಮನ ನೋಡಿದಳು.
ಒಂಬತ್ತನೇ ದಿನ ಎದ್ದು ಬಂದು
ತಾನೂ ಸೆರಗಿನ ಗಂಟು ಬಿಚ್ಚಿ
ಎರಡು ರೂಪಾಯಿ ಹಾಕಿದಳು.
"ನಿಮ್ಮ ಮನಿ ಇದು, ನಿಮಗ್ಯಾಕ ಬೀಗತಿ?"
"ನನ್ನ ಮನಿ ನೀರಾಗ ಐತಿ," ಅಂದಳು ಅತ್ತಿ.
"ಹಳೇ ಬಾಗಲಕೋಟ್ಯಾಗ. ಹಿನ್ನೀರು ಸರದಾಗ
ಪಡಸಾಲಿ ಕಲ್ಲು ನಾಕು ಕಾಣ್ತಾವ.
ಇದು ಸೆಕ್ಟರು. ಇದಕ್ಕ ನಂಬರ ಐತಿ, ಓಣಿ ಇಲ್ಲ."

ನಾನು ಕಂಡಕ್ಟರು. ಬಾಗಲಕೋಟಿ–ಮುಧೋಳ.
ನಸುಕಿನ್ಯಾಗ ಡಬ್ಬಿ ಬೋರಲ ಹಾಕಿ ಚಿಲ್ಲರ ತಗೋತೀನಿ,
ಬದಲಿಗೆ ನೋಟು ಮಡಚಿ ಇಡ್ತೀನಿ.
ಇಬ್ಬರೂ ಕಂಡೇ ಇಲ್ಲ ಅನ್ನೂಹಂಗ ಮಾರಿ ತಿರುವ್ತಾರ.
ಗಂಡ ನಗ್ತಾನ: ಮನ್ಯಾಗ ಎರಡು ಬ್ಯಾಂಕು, ಸಾಲ ಮಾತ್ರ ಸಿಗೂದಿಲ್ಲ.
ಇಬ್ಬರಿಗೂ ರಾತ್ರಿ ಗುಳಿಗಿ ಎಣಿಸಿ ಕೊಡಾಂವ ಅವನ.

ಕಾರ್ತೀಕದಾಗ ಮುಧೋಳದ ಕ್ಯಾಂಪಿನ್ಯಾಗ
ಅತ್ತಿಯ ಪೊರಿ ತಗಿಸಿದಿವಿ.
ನನಗ ರಜಾ ಸಿಗಲಿಲ್ಲ.
ಎರಡು ತಾಸಿಗೊಮ್ಮೆ ಹನಿ.
ಅಕ್ಷರ ಬರದ ಅವ್ವ ಬಾಟಲಿ ಮುಚ್ಚಳದ ಬಣ್ಣ ನೆಪ್ಪಿಟ್ಟು
ಗ್ವಾಡಿಗೆ ಇದ್ದಿಲಿನ ಗೀಟು ಎಳಕೋತ ಹಾಕಿದಳು.
ನಿದ್ದಿಗಣ್ಣಾಗ ತಿಕ್ಕಿಗೊಂಡರ ಕಣ್ಣ ಹೋದೀತು
ಅಂದಿದ್ದ ಡಾಕ್ಟರು.

ಹನ್ನೊಂದು ವರ್ಷದಿಂದ ಅತ್ತಿ
ಮಂಚದ ಬಲಕ್ಕಷ್ಟ ಮಲಗ್ತಾಳ. ಎಡಬದಿ ಮಾವಂದು.
ಮುಂಜಾನೆದ್ದು ಆ ಬದಿಯ ಚಾದರಾನೂ ಜಗ್ಗಿ ಜಗ್ಗಿ ಹಾಸ್ತಾಳ,
ಬಿದ್ದೇ ಇಲ್ಲದ ಸುಕ್ಕು ತಗೀತಾಳ.
ಮೊಮ್ಮಗಳು ಕುಂತರೂ ಎಬ್ಬಸ್ತಾಳ.

ಬಸ್ಸು ಕೆಟ್ಟು ತಡಾಗಿ ಬಂದೆ ಆ ರಾತ್ರಿ.
ಎಡಬದಿಗೆ ನಮ್ಮವ್ವ ಮಲಗ್ಯಾಳ,
ಅತ್ತಿಯ ಎರಡೂ ಕೈ ತನ್ನ ಮುಷ್ಟ್ಯಾಗ ಹಿಡದು.
ಹಿಡದಾಕಿ ಗೊರಕಿ ಹೊಡಿಯಾಕತ್ತಾಳ,
ಹಿಡಿಸಿಗೊಂಡಾಕಿ ಎಚ್ಚರ ಅದಾಳ.
"ದೀಪ ಹಚ್ಚಬ್ಯಾಡ," ಅಂದಳು ಅತ್ತಿ ಮೆಲ್ಲಕ,
"ಎದ್ದು ಕೆಳಗ ಹೋಗಿಬಿಡ್ತಾಳ.
ಅವರೂ ಹಿಂಗ ಹೊಡೀತಿದ್ದರು, ಗೊರಕಿ."

ತಪಾಸಣಿ ದಿನ ಇಬ್ಬರೂ ನನ್ನ ಬಸ್ಸಿಗೇ ಹತ್ತಿದರು.
ಕರೇ ಚಸ್ಮಾದ ಅತ್ತಿ ಕಿಟಕಿಗೆ, ಅವ್ವ ಮಗ್ಗಲಕ್ಕ.
ಹೆಣ್ಮಕ್ಕಳಿಗೆ ಈಗ ರೊಕ್ಕ ಇಲ್ಲ,
ಆಧಾರ್ ತೋರಿಸಿದರ ಸೊನ್ನಿ ಇರೋ ಚೀಟಿ.
ಹರದು ಕೊಟ್ಟೆ ಎರಡು.
ಅವ್ವ ಆ ಸೊನ್ನಿ ಮ್ಯಾಲ ಬೊಟ್ಟು ಆಡಿಸಿದಳು.
"ಏನೂ ಇಲ್ಲದ್ದಕ್ಕ ಚೀಟಿ ಯಾಕ?"
"ಇಲ್ಲದ ಕುಂತರ ದಂಡ ಹಾಕ್ತಾರವ್ವ."

ಕಬ್ಬಿನ ಟ್ರ್ಯಾಕ್ಟರು ಒಂದು ದಾಟಿತು, ಮತ್ತೊಂದು ದಾಟಿತು.
ಆಮ್ಯಾಲ ಸೆರಗಿನ ಗಂಟು ಬಿಚ್ಚಿ
ಎರಡು ರೂಪಾಯಿ ನನ್ನ ಚೀಲಕ್ಕ ಹಾಕಿದಳು,
ಸಪ್ಪಳ ಆಗೂಹಂಗ.
"ಅದು ಸರಕಾರದ್ದು. ಇದು ನಂದು."

ಕರೇ ಚಸ್ಮಾದ ಹಿಂದಿಂದ ಅತ್ತಿ:
"ನಂದೂ ಸೇರಿಸಿ ಕೊಡು ಬೀಗತಿ.
ಮನಿಗೆ ಹೋಗಿ ಕೊಡ್ತೀನಿ."